ತಮ್ಮನ ಬಾಣಂತನ

ನಲವತ್ತರ ಹತ್ತಿರದ ಗಂಡಸೊಬ್ಬ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ತಲೆಗೆ ಹಳೆಯ ಉಣ್ಣೆಯ ಶಾಲು ಸುತ್ತಿ ಗದ್ದದ ಕೆಳಗೆ ಗಂಟು ಹಾಕಿಸಿಕೊಂಡು, ದಾವಣಗೆರೆಯ ಬಿರುಬೇಸಿಗೆಯ ನಡುಹಗಲಿನಲ್ಲಿ ಮೈಯಿಂದ ಹಬೆಯೇಳಿಸುತ್ತ ಮಂಚದ ಮೇಲೆ ಕೂತಿರುವುದನ್ನು ನೀವು ನೋಡಿದ್ದೀರಾ? ನೋಡಿರಲಾರಿರಿ. ನಾನು ದಿನವೂ ನೋಡುತ್ತಿದ್ದೆ, ಎದುರಿಗಿದ್ದ ಅಲಮಾರಿಯ ಕನ್ನಡಿಯಲ್ಲಿ. ತಲೆಗೂದಲು, ಹುಬ್ಬು, ಮೀಸೆ ಎಲ್ಲವೂ ಔಷಧದ ಪಾಲಾಗಿ, ಆಗತಾನೇ ಸಣ್ಣ ಕುಡಿಯೊಡೆಯುತ್ತಿದ್ದ ಆ ಮುಖ ಯಾರದೆಂದು ಗುರುತಿಸಲು ನನಗೇ ಒಂದೆರಡು ಗಳಿಗೆ ಬೇಕಾಗುತ್ತಿತ್ತು. ಗುರುತು ಹತ್ತಿದ ಮೇಲೆ ನಗು ಬರುತ್ತಿತ್ತು. ನಕ್ಕರೆ ಅವ್ವ ಗದರುತ್ತಿದ್ದಳು, ಬಾಯಿಗೆ ಗಾಳಿ ಹೋಗುತ್ತದೆಂದು.

ಕಾಯಿಲೆಯ ಹೆಸರು ಲಿಂಫೋಮಾ. ಕುತ್ತಿಗೆಯ ಪಕ್ಕದಲ್ಲಿ ಅಡಕೆಯಷ್ಟಾಗಿ ಶುರುವಾದ ಗಂಟು ಒಮ್ಮೆ ಔಷಧಕ್ಕೆ ಕರಗಿ, ನಾವೆಲ್ಲ ನಿರಾಳವಾಗಿದ್ದಾಗ ಮತ್ತೆ ತಲೆ ಎತ್ತಿತ್ತು. ಇನ್ನುಳಿದಿರುವುದು ಮಜ್ಜೆ ಬದಲಿಸುವ ದಾರಿಯೊಂದೇ, ಒಡಹುಟ್ಟಿದವರ ರಕ್ತ ಹೊಂದಿದರೆ ಅವರ ಎಲುಬಿನ ಮಜ್ಜೆಯಿಂದ ಮೂಲಕೋಶಗಳನ್ನು ತೆಗೆದು ನಿನಗೆ ಹಾಕಬಹುದು ಎಂದು ದೂರದ ಊರಿನ ದೊಡ್ಡ ಆಸ್ಪತ್ರೆಯ ವೈದ್ಯರು ಹೇಳಿದರು. ನನಗಿದ್ದದ್ದು ಒಬ್ಬಳೇ ಅಕ್ಕ, ಗಿರಿಜಕ್ಕ. ಹರಿಹರಕ್ಕೆ ಕೊಟ್ಟಿತ್ತು. ಅವಳದು ಹೊಂದಿತು. ಅವಳನ್ನು ಬೋರಲು ಮಲಗಿಸಿ, ಅರಿವಳಿಕೆ ಕೊಟ್ಟು, ಸೊಂಟದ ಎಲುಬಿನಿಂದ ತೆಗೆದದ್ದನ್ನು ಒಂದು ಚೀಲದಲ್ಲಿ ತಂದು ನನ್ನ ರಕ್ತನಾಳಕ್ಕೆ ಹನಿಹನಿಯಾಗಿ ಬಿಟ್ಟರು. ಇನ್ನು ನಿಮ್ಮ ರಕ್ತದ ಗುಂಪು ನಿಧಾನವಾಗಿ ನಿಮ್ಮ ಅಕ್ಕನದಾಗುತ್ತದೆ ಎಂದು ವೈದ್ಯರು ಹೇಳಿದಾಗ, ಹಾಗಾದರೆ ನನಗೆ ಅವಳ ಹಟವೂ ಬಂದೀತೇ ಎಂದು ಕೇಳಬೇಕೆನಿಸಿತ್ತು. ನಾಲಿಗೆಯೆಲ್ಲ ಹುಣ್ಣಾಗಿದ್ದರಿಂದ ಆ ಹಾಸ್ಯ ಗಂಟಲಲ್ಲೇ ಉಳಿಯಿತು.

ಊರಿಗೆ ಕಳಿಸುವಾಗ ಅವರು ಕೊಟ್ಟ ಸೂಚನೆಗಳನ್ನು ನನ್ನ ಹೆಂಡತಿ, ಶಾಲೆಯಲ್ಲಿ ಪಾಠ ಹೇಳುವವಳು, ಮನೆಗೆ ಬಂದ ದಿನವೇ ಅವ್ವನನ್ನು ಎದುರಿಗೆ ಕೂರಿಸಿಕೊಂಡು ಕನ್ನಡದಲ್ಲಿ ಬಿಡಿಸಿ ಹೇಳಿದಳು. ಕುದಿಸಿ ಆರಿಸಿದ ನೀರೇ ಆಗಬೇಕು, ಆಗಷ್ಟೇ ಮಾಡಿದ ಬಿಸಿ ಅಡುಗೆಯೇ ಆಗಬೇಕು, ಹಸಿಯದು ಏನೂ ಕೂಡದು, ಹೊರಗಿನವರನ್ನು ಹತ್ತಿರ ಸೇರಿಸಕೂಡದು, ಮೈ ತಣ್ಣಗಾಗಕೂಡದು. ಅವ್ವ ಎಲ್ಲವನ್ನೂ ಕೇಳಿಸಿಕೊಂಡು ಸೆರಗು ಸರಿಮಾಡಿಕೊಂಡಳು.

"ಇಷ್ಟೇ ಏನು? ಇದ್ರಾಗೆ ಹೊಸಾದು ಏನೈತೆ? ಬಾಣಂತನ ಮಾಡ್ರಿ ಅಂತ ಒಂದು ಮಾತು ಹೇಳಿ ಕಳಿಸಿದ್ರೆ ಸಾಕಾಗಿತ್ತು."

ಅಲ್ಲಿಂದ ನನ್ನ ಬಾಣಂತನ ಶುರುವಾಯಿತು. ಹೆಂಡತಿ ಹಗಲೆಲ್ಲ ಶಾಲೆಯಲ್ಲಿ, ಮಂಡಿಪೇಟೆಯ ನಮ್ಮ ಬೆಲ್ಲದ ಮಂಡಿ ಗುಮಾಸ್ತರ ಕೈಯಲ್ಲಿ, ಮನೆಯಲ್ಲಿ ಅವ್ವನದೇ ರಾಜ್ಯಭಾರ. ನನ್ನನ್ನು ಮಲಗಿಸಿದ್ದ ಮಹಡಿಯ ಕೋಣೆಯಲ್ಲೇ ಅವಳು ಅಕ್ಕನ ಎರಡು ಬಾಣಂತನ ಮಾಡಿದ್ದಳು. ಕೈಗೆ ಅಭ್ಯಾಸ ತಪ್ಪಿರಲಿಲ್ಲ. ಬೆಳಿಗ್ಗೆ ಎದ್ದರೆ ಮೆಣಸು ಬೆಳ್ಳುಳ್ಳಿಯ ಸಾರು, ಮೆತ್ತಗೆ ಬೇಯಿಸಿದ ಅನ್ನ, ಅದರ ಮೇಲೆ ನನ್ನ ಆಕ್ಷೇಪಣೆಯನ್ನು ಲೆಕ್ಕಿಸದೆ ಸುರಿದ ತುಪ್ಪ. ಹೊತ್ತೇರಿದ ಮೇಲೆ ಹಂಡೆಯಲ್ಲಿ ಕುದಿಸಿದ ನೀರಿನ ಸ್ನಾನ. ಬಚ್ಚಲಲ್ಲಿ ಮಣೆಯ ಮೇಲೆ ಕೂರಿಸಿ ಚೊಂಬಿನಿಂದ ಸೊಂಟಕ್ಕೆ ಎತ್ತಿ ಎತ್ತಿ ನೀರು ಹಾಕುವಾಗ, ನನಗೆ ಸೊಂಟನೋವೇ ಇಲ್ಲವ್ವಾ ಎಂದು ನಾನು ಕೂಗಿದರೂ ಅವಳು ಕೇಳುತ್ತಿರಲಿಲ್ಲ. ಬಾಣಂತನ ಅಂದರೆ ಸೊಂಟಕ್ಕೆ ನೀರು ಬೀಳಲೇಬೇಕು. ಎಣ್ಣೆ ತಿಕ್ಕುವುದು ಮತ್ತು ಸಾಂಬ್ರಾಣಿಯ ಹೊಗೆ ಹಾಕುವುದು ಇವೆರಡಕ್ಕೆ ವೈದ್ಯರು ಖಡಾಖಂಡಿತವಾಗಿ ಅಡ್ಡ ಬಂದಿದ್ದರಿಂದ, ಅವಳ ಪಾಲಿಗೆ ಆ ವೈದ್ಯರು ಅರೆಬರೆ ಕಲಿತವರಾಗಿಯೇ ಉಳಿದರು.

ನಮ್ಮ ಊರಲ್ಲಿ ಕಾಯಿಲೆಯವರನ್ನು ನೋಡಲು ಹೋಗದಿದ್ದರೆ ಅದೊಂದು ಮಾತಾಗುತ್ತದೆ. ಮೋಸಂಬಿ, ಬ್ರೆಡ್ಡು, ಎಳನೀರು ಹಿಡಿದು ಸಂಜೆಯ ಹೊತ್ತಿಗೆ ಜನ ಬರುತ್ತಿದ್ದರು. ಅವ್ವ ಎಲ್ಲರನ್ನೂ ಕಟ್ಟೆಯ ಮೇಲೆ ಕೂರಿಸಿ, "ಹಸಿಮೈ ಐತ್ರಿ, ಈಗ ಬ್ಯಾಡ, ಇನ್ನೊಂದಿಷ್ಟು ದಿನ ಹೋಗ್ಲಿ" ಎಂದು ಅಲ್ಲಿಂದಲೇ ಸಾಗಹಾಕುತ್ತಿದ್ದಳು. ಬೀದಿಯ ಕೊನೆಯ ಅಂಗಡಿಯಿಂದ ಮೆಣಸಿನಕಾಯಿ ಬಜ್ಜಿ ಕರಿಯುವ ವಾಸನೆ ಕಿಟಕಿಯವರೆಗೂ ಬರುತ್ತಿತ್ತು. ಮಂಡಕ್ಕಿ ಕಲಸಿಕೊಂಡು ಗೆಳೆಯರ ಜೊತೆ ಒಂದೇ ಕಾಗದಕ್ಕೆ ಕೈ ಹಾಕಿ ತಿನ್ನುತ್ತಿದ್ದ ದಿನಗಳು ನೆನಪಾಗಿ ಬಾಯಲ್ಲಿ ನೀರೂರುತ್ತಿತ್ತು. ಆದರೆ ಸುಳ್ಳೇಕೆ ಹೇಳಲಿ, ಆ ದಿನಗಳು ನನಗೆ ಹಿತವಾಗಿದ್ದವು. ಗಂಡಸಾಗಿ ಹುಟ್ಟಿದವನಿಗೆ ಬುದ್ಧಿ ಬಂದ ಮೇಲೆ ಇಂಥ ಆರೈಕೆ ಮತ್ತೆ ಸಿಗುವುದು ದುರ್ಲಭ. ಅವ್ವನ ಕೈಯ ಅಂಟಿನ ಉಂಡೆಯನ್ನು, ಹೆತ್ತವಳಿಗೆಂದೇ ಮಾಡುವ ಆ ಉಂಡೆಯನ್ನು, ಹೆರದವನು ನಾನು ದಿನಕ್ಕೊಂದರಂತೆ ಮೆಲ್ಲುತ್ತ ಕೂತಿದ್ದೆ. ನನಗೆ ಆಗ ಹೊಳೆಯದ ಮಾತೆಂದರೆ, ಈ ವ್ಯವಹಾರದಲ್ಲಿ ಹೆತ್ತವಳು ಬೇರೆಯೇ ಒಬ್ಬಳಿದ್ದಳು ಎನ್ನುವುದು.

ಆಕೆ ಮಜ್ಜೆ ಕೊಟ್ಟ ಮೂರನೆಯ ದಿನವೇ ರೈಲು ಹತ್ತಿ ಹರಿಹರಕ್ಕೆ ಹೋಗಿಬಿಟ್ಟಿದ್ದಳು. ಕೆಲವು ವಾರ ಭಾರ ಎತ್ತಬೇಡಿ, ಆದಷ್ಟು ಮಲಗಿರಿ, ನೋವು ತಾನಾಗಿ ಹೋಗುತ್ತದೆ ಎಂದು ವೈದ್ಯರು ಹೇಳಿದ್ದರು. ಆದರೆ ಮಲಗುವುದಕ್ಕೆ ಒಂದು ಕಾರಣ ಹೇಳಬೇಕಲ್ಲ? ಹರಿಹರದ ಮನೆಯಲ್ಲಿ ಅವಳ ಅತ್ತೆಗೆ ನಾವು ಹೇಳಿದ್ದು, ತಮ್ಮನ ಜೊತೆಗೆ ಆಸ್ಪತ್ರೆಯಲ್ಲಿರಲು ಹೋಗುತ್ತಾಳೆ ಎಂದು ಮಾತ್ರ. ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುವ ಭಾವನಿಗೆ ವಿಷಯ ಗೊತ್ತಿತ್ತು. ತಾಯಿಯ ಮುಂದೆ ಬಾಯಿ ಬಿಡಬಾರದೆಂದು ಅವ್ವ ಅವರಿಂದ ಮಾತು ತೆಗೆದುಕೊಂಡಿದ್ದಳು. ನಮ್ಮ ಜನರಲ್ಲಿ ತವರು ಅಂದರೆ ಕೊಡುವ ಮನೆ. ಮಗಳಿಗೆ ಉಡಿ ತುಂಬಿ ಕಳಿಸಬೇಕು, ನಾಗರಪಂಚಮಿಗೆ ಕರೆತಂದು ಉಂಡೆ ಕಟ್ಟಿ ಕೊಡಬೇಕು; ಕೊಟ್ಟ ಹೆಣ್ಣಿನ ಮನೆಯಿಂದ ಏನನ್ನೂ ಬಯಸಬಾರದು. ಅಂಥದ್ದರಲ್ಲಿ ಮಗಳ ಎಲುಬಿನೊಳಗಿನದನ್ನೇ ತೆಗೆದುಕೊಂಡೆವೆಂದು ಬೀಗರ ಮುಂದೆ ಹೇಗೆ ಹೇಳುವುದು? "ಆಯಮ್ಮ ಏನಂತಾಳೆ? ನಮ್ಮ ಮನಿ ಸೊಸಿ ಮೈ ಕೊರೆಸಿದ್ರು ಅನ್ನಲ್ಲ?" ಎಂದು ಅವ್ವ ಕೇಳಿದಾಗ ನಾವು ಯಾರೂ ಎದುರಾಡಲಿಲ್ಲ. ಅಕ್ಕನ ಅತ್ತೆ ಬಾಯಿ ಜೋರಿನ ಹೆಂಗಸೆಂದು ನಾವೆಲ್ಲ ಮದುವೆಯ ಚಪ್ಪರದಲ್ಲೇ ತೀರ್ಮಾನಿಸಿಬಿಟ್ಟಿದ್ದೆವು.

ನಾನು ಮನೆಗೆ ಬಂದ ಕೆಲವು ದಿನಕ್ಕೆ ಗಿರಿಜಕ್ಕ ನನ್ನನ್ನು ನೋಡಲು ಬಂದಳು. ಆಟೋದಿಂದ ಇಳಿದು ಬರುವುದನ್ನು ಮಹಡಿಯ ಕಿಟಕಿಯಿಂದ ನೋಡಿದೆ. ಮನೆಯ ಮುಂದಿನ ಮೆಟ್ಟಿಲನ್ನು ಓಡಿ ಹತ್ತುತ್ತಿದ್ದ ಅಕ್ಕ, ಒಂದು ಕಾಲಿಟ್ಟು, ಇನ್ನೊಂದನ್ನೂ ಅದೇ ಮೆಟ್ಟಿಲಿಗೆ ತಂದುಕೊಂಡು, ಗೋಡೆ ಹಿಡಿದು ನಿಂತು, ಮತ್ತೆ ಮೇಲಕ್ಕೆ ಕಾಲೆತ್ತುತ್ತಿದ್ದಳು. ನನ್ನ ಕೋಣೆಯ ಬಾಗಿಲಿಗೆ ಬರುವಷ್ಟರಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಕಣ್ಣಲ್ಲೇ ನಗುತ್ತ ನಿಂತಿದ್ದಳು.

"ಏನೋ ಬಾಣಂತಿ, ಹೆಂಗಿದ್ದೀಯ?"

"ನಾನು ಆರಾಮಿದ್ದೀನಿ. ನಿನ್ನ ಸೊಂಟ ಹೆಂಗೈತಕ್ಕ?"

"ಐತೆ, ಎಲ್ಲಿಗೂ ಹೋಗಿಲ್ಲ. ದಿನಾ ಬೋರಿಗೆ ಹೋಗಿ ಕೊಡ ಹೊತ್ತು ತರಬೇಕಲ್ಲ, ಅದಕ್ಕೆ ಒಂಚೂರು ಹಿಡ್ಕೊಂಡೈತೆ."

ಅಷ್ಟು ಹೇಳಿ ಮಾತು ಬದಲಿಸಿ, ನನ್ನ ತಲೆಯ ಶಾಲು, ಕಿವಿಯ ಹತ್ತಿ, ಮೊಳೆಯುತ್ತಿದ್ದ ಮೀಸೆ ಎಲ್ಲವನ್ನೂ ಒಂದೊಂದಾಗಿ ಗೇಲಿ ಮಾಡಿದಳು. ಬಚ್ಚಲ ಕಡೆಯಿಂದ ಇನ್ನೂ ಹಬೆ ಬರುತ್ತಿತ್ತು. ಅವಳು ಆ ಕಡೆ ತಿರುಗಿದಳು.

"ಅವ್ವಾ, ಹಂಡ್ಯಾಗೆ ನೀರೈತೇನ? ನಂಗೂ ಎರಡು ಚೊಂಬು ಸೊಂಟಕ್ಕೆ ಹಾಕ್ತೀಯೇನ?"

ಅವ್ವ ಲಗುಬಗೆಯಿಂದ ಹೋಗಿ ಹಂಡೆಯೊಳಗೆ ಬಗ್ಗಿ ನೋಡಿದಳು. ನೀರು ಮುಗಿದಿತ್ತು. ಅಷ್ಟನ್ನೂ ನನ್ನ ಸೊಂಟಕ್ಕೆ ಹಾಕಿಯಾಗಿತ್ತು.

"ತಡಿಯವ್ವ, ಒಲಿ ಹಚ್ತೀನಿ, ಈಗ ಕಾಯ್ತಾವೆ."

"ಬ್ಯಾಡ ಬಿಡವ್ವ. ತಲಿ ಮೈ ತೋಯಿಸ್ಕೊಂಡು ಹೋದ್ರೆ ಅತ್ತಿ ಕೇಳ್ತಾರೆ. ಬಸ್ಸಿಗೂ ಹೊತ್ತಾತು."

ಇರು ಎಂದು ನಾನು ಹೇಳಬಹುದಿತ್ತು. ಹರಿಹರವೇನು ಕಾಶಿಯೇ, ಅರ್ಧ ಗಂಟೆಯ ದಾರಿ. ಇವತ್ತು ಬರುವುದಿಲ್ಲ, ಇನ್ನೊಂದು ತಿಂಗಳು ಇಲ್ಲೇ ಇರುತ್ತಾಳೆ ಎಂದು ಅವಳ ಅತ್ತೆಗೆ ಫೋನಿನಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಯಾಕೆ ಎಂದು ಅವರು ಕೇಳುತ್ತಿದ್ದರು, ಆಗ ಮುಚ್ಚಿಟ್ಟದ್ದನ್ನೆಲ್ಲ ಬಿಚ್ಚಬೇಕಾಗುತ್ತಿತ್ತು. ಅವ್ವ ಒಂದು ಡಬ್ಬಿಯ ತುಂಬ ಅಂಟಿನ ಉಂಡೆ ಕಟ್ಟಿಕೊಟ್ಟು, ಮಕ್ಕಳಿಗೆ ಅಂತ ಹೇಳು ಎಂದಳು. ಅಕ್ಕ ಅದನ್ನು ನಿಜವಾಗಿಯೂ ಮಕ್ಕಳಿಗೇ ಹಂಚಿದಳೆಂದು ಆಮೇಲೆ ತಿಳಿಯಿತು. ಅವಳು ಮತ್ತೆ ಮೆಟ್ಟಿಲಿಳಿಯುವುದನ್ನು ನಾನು ನೋಡಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ್ದೆ. ಆ ಸಂಜೆ ಅವ್ವ ತಂದಿಟ್ಟ ಉಂಡೆ ತಟ್ಟೆಯಲ್ಲೇ ಉಳಿಯಿತು. ಮರುದಿನ ತಿಂದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಬದುಕಬೇಕೆಂಬ ಆಸೆಗೆ ನಾಚಿಕೆ ಕಡಿಮೆ.

ಆ ಬಳಿಕ ನನ್ನ ಮೈಯಲ್ಲಿ ಅಕ್ಕನ ರಕ್ತ ಚೆನ್ನಾಗಿಯೇ ಬೇರೂರಿತು. ಪರೀಕ್ಷೆಗೆ ಹೋದಾಗಲೆಲ್ಲ ವೈದ್ಯರು ಸಂತೋಷಪಡುತ್ತಿದ್ದರು. ನನ್ನಲ್ಲಿ ಓಡಾಡುತ್ತಿದ್ದ ರಕ್ತಕ್ಕೆ ಬಿಸಿನೀರು, ತುಪ್ಪ, ಹಗಲುನಿದ್ದೆ ಎಲ್ಲ ಸಿಗುತ್ತಿದ್ದವು. ಅದನ್ನು ಕೊಟ್ಟವಳು ಅದೇ ಹೊತ್ತಿನಲ್ಲಿ ಕೊಡ ಹೊತ್ತು ನಡೆಯುತ್ತಿದ್ದಳು. ಈ ವಿಚಾರ ತಲೆಗೆ ಹೊಕ್ಕಿತೆಂದರೆ ಬೇರೆ ಯಾವುದೂ ಬೇಡವಾಗುತ್ತಿತ್ತು. ಆ ವರ್ಷದ ಪಂಚಮಿಗೆ ಜನರ ನಡುವೆ ಓಡಾಡಲು ನನಗೆ ಅಪ್ಪಣೆ ಸಿಗಲಿಲ್ಲ, ಅಕ್ಕನನ್ನು ಕರೆತರುವವರಿರಲಿಲ್ಲ. ಯಾರೂ ಕರೆಯಲು ಬರದೆ ಹಬ್ಬಕ್ಕೆ ತವರಿಗೆ ಹೋಗುವ ಪದ್ಧತಿ ಅವಳದಲ್ಲ.

ಮರುವರ್ಷದ ಪಂಚಮಿಗೆ ನಾನೇ ಹೊರಟೆ. ಈ ಸಲ ಒಂದು ತಿಂಗಳು ಇರಿಸಿಕೊಂಡು ದಿನಾ ನೀರು ಹಾಕುತ್ತೇನೆ ಎಂದು ಅವ್ವ ಬಚ್ಚಲು ತಿಕ್ಕಿಸಿ, ಸೌದೆ ತರಿಸಿ ಕಾಯುತ್ತಿದ್ದಳು. ಹರಿಹರದಲ್ಲಿ ಅಕ್ಕನ ಅತ್ತೆ ನನ್ನನ್ನು ಪಡಸಾಲೆಯಲ್ಲಿ ಕೂರಿಸಿ, ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, ಕಣ್ಣೊರೆಸಿಕೊಂಡರು.

"ಮೀಸೆ ಬಂದಾವಲ್ಲಪ್ಪ! ಹೊಳಿ ದಂಡಿ ಮ್ಯಾಲಿನ ಉಕ್ಕಡಗಾತ್ರಿ ಗುಡಿಗೆ ನಡ್ಕೊಂಡು ಬರ್ತೀನಿ ಅಂತ ಅಜ್ಜಯ್ಯಗೆ ಬೇಡ್ಕೊಂಡಿದ್ದೆ ನೋಡು ನಿನ್ನ ಹೆಸರಿಲೆ. ಹೋದ ತಿಂಗಳು ಹೋಗಿ ತೀರಿಸಿ ಬಂದೆ."

ಆ ವಯಸ್ಸಿನಲ್ಲಿ, ಆ ನೋಯುವ ಮಂಡಿಯಲ್ಲಿ, ಅಷ್ಟು ದೂರ, ನನ್ನ ಹೆಸರಿನಲ್ಲಿ. ನಾವು ಚಪ್ಪರದಲ್ಲೇ ತೀರ್ಮಾನಿಸಿದ್ದ ಹೆಂಗಸು ಇವರಲ್ಲ. ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ: ಮಜ್ಜೆ ಯಾರದು, ಎಲ್ಲಿಂದ ತೆಗೆದರು, ಯಾಕೆ ಮುಚ್ಚಿಟ್ಟೆವು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಚಹದ ಲೋಟಗಳನ್ನು ಹಿಡಿದು ನಿಂತುಬಿಟ್ಟಳು. ಅವಳ ಅತ್ತೆ ಸೊಸೆಯ ಕಡೆ ತಿರುಗಿ ನೋಡಿದರು. ಕೂಗುತ್ತಾರೇನೋ ಎಂದು ನಾನು ಕಾದೆ. ಕೂಗಲಿಲ್ಲ.

"ಆವಾಗ ಈಕಿ ಕೊಡ ಎತ್ತಕ್ಕೆ ತಿಣುಕಾಡೋಳು," ಎಂದರು. "ತವರಿಗೆ ಹೋಗಿ ಬಂದು ಮೈಗಳ್ಳಿ ಆಗಿದ್ದೀಯ ಅಂದಿದ್ದೆ ನಾನು. ಒಂದ್ಸಲ ಅಲ್ಲ, ಓಣಿ ಹೆಂಗಸರ ಮುಂದೆನೂ ಅಂದಿದ್ದೆ. ಈಕಿ ತುಟಿ ಬಿಚ್ಚಲಿಲ್ಲ. ಒಂದು ಮಾತು ಹೇಳಿದ್ರೆ ನಾನೇ ನೀರು ಕಾಸಿ ಹಾಕ್ತಿದ್ದೆನಲ್ಲಪ್ಪ. ನನ್ನ ಬಾಯಾಗೆ ಅಂಥಾ ಮಾತು ಬರಿಸಿದ್ರಲ್ಲ ನೀವು."

ನಾನು ಅವರ ಕಾಲು ಮುಟ್ಟಿದೆ. ಮತ್ತೇನು ಮಾಡಬೇಕೆಂದು ತೋಚದೆ, ಅಕ್ಕನನ್ನು ಒಂದು ತಿಂಗಳ ಮಟ್ಟಿಗೆ ಕಳಿಸಿಕೊಡಿ, ಅವ್ವ ಬಾಣಂತನ ಮಾಡುತ್ತೇನೆಂದು ಕಾಯುತ್ತಿದ್ದಾಳೆ ಎಂದೆ.

"ಕರ್ಕೊಂಡು ಹೋಗು, ನಾನೇನು ಬ್ಯಾಡ ಅಂತೀನಾ? ಆದ್ರೆ ನೋವೆಲ್ಲ ಹೋದ ಮ್ಯಾಲೆ ಈಗ ಯಾರ ಸೊಂಟಕ್ಕೆ ಹಾಕ್ತೀರಿ ನೀರು?"

ಗಿರಿಜಕ್ಕ ಬಂದು ಇಬ್ಬರ ಮುಂದೆಯೂ ಚಹ ಇಟ್ಟಳು. ಬಗ್ಗಿದಳು, ಎದ್ದಳು, ಬಿಡ್ರಿ ಅತ್ತಿ ಎಂದು ನಕ್ಕು ತಿರುಗಿ ಒಳಗೆ ಹೋದಳು. ಅವಳ ನಡಿಗೆ ನೆಟ್ಟಗಿತ್ತು, ಮೊದಲಿನಂತೆಯೇ ಚುರುಕಾಗಿತ್ತು. ನಮ್ಮಲ್ಲಿ ಯಾರ ಸಹಾಯವೂ ಇಲ್ಲದೆ ಅವಳು ಗುಣವಾಗಿದ್ದಳು.