ಹದಿನೇಳನೇ ಹೆಬ್ಬೆಟ್ಟು

ನಾನು ಬಿ.ಎ. ಪಾಸಾದವಳು. ಹೋದ ವಾರ ಹೆಬ್ಬೆಟ್ಟು ಒತ್ತಿದೆ.

ಇಂಕ್ ಪ್ಯಾಡಿನ ಮೇಲಲ್ಲ, ಮೊಬೈಲಿನ ಮೇಲೆ. ಗುರುವಾರ ಬೆಳಗ್ಗೆ ಒಗ್ಗರಣೆಗೆ ಸಾಸಿವೆ ಸಿಡಿಯುತ್ತಿದ್ದಾಗ, ಎಡಗೈಯಲ್ಲಿ. ಗಂಗಾನಗರದ ನಮ್ಮ ರಸ್ತೆಯ ವಾಟ್ಸಾಪ್ ಗ್ರೂಪಿನಲ್ಲಿ ನಿವಾಸಿಗಳ ಸಂಘದ ಸೆಕ್ರೆಟರಿ ಉದ್ದನೆಯದೊಂದು ಇಂಗ್ಲಿಷ್ ಮೆಸೇಜ್ ಹಾಕಿದ್ದರು. ಫುಟ್‌ಪಾತ್ ಒತ್ತುವರಿ ತೆರವು ಮಾಡಿಸಬೇಕು, ಒಪ್ಪುವವರು ಥಂಬ್ಸ್ ಅಪ್ ಹಾಕಿ ಅಂತ ಮೊದಲ ಮೂರು ಸಾಲಲ್ಲೇ ಇತ್ತು. ಅದರ ಕೆಳಗೆ, ಇನ್ನಷ್ಟು ಓದಿ ಅನ್ನುವ ಬಣ್ಣದ ಅಕ್ಷರ. ಇನ್ನಷ್ಟು ಯಾರು ಓದುತ್ತಾರೆ? ಸಾಸಿವೆ ಸೀಯುತ್ತಿತ್ತು.

ನನ್ನ ಕಣ್ಣ ಮುಂದೆ ಬಂದದ್ದು ಮೂಲೆ ಮನೆಯವರು ಆರು ತಿಂಗಳಿಂದ ಫುಟ್‌ಪಾತ್ ಮೇಲೆ ಸುರಿದಿಟ್ಟಿರುವ ಎಂ-ಸ್ಯಾಂಡ್ ಗುಡ್ಡೆ. ಅದರ ಪಕ್ಕ ಕವರ್ ಹೊದ್ದು ಮಲಗಿರುವ ಕಾರು. ಸದ್ಯ, ಯಾರೋ ಕೇಳುವವರು ಹುಟ್ಟಿದರಲ್ಲ ಅಂದುಕೊಂಡು ಒತ್ತಿದೆ. ಬಾಣಲೆಗೆ ಕರಿಬೇವು ಹಾಕಿದೆ. ಮರೆತೆ.

ಕರಿಬೇವು ಅಂದೆನಲ್ಲ, ಕಥೆ ಇರುವುದು ಅಲ್ಲೇ.

ಆ ಕರಿಬೇವು ಪಿಳ್ಳಮ್ಮ ಕೊಟ್ಟದ್ದು. ಪಿಳ್ಳಮ್ಮ ಚಿಕ್ಕಜಾಲದ ಕಡೆಯವರು. ಬೆಳಗ್ಗೆ ಮೊದಲ ಬಸ್ಸಿಗೆ ಎರಡು ಮಂಕರಿ ಸೊಪ್ಪು ಹೇರಿಕೊಂಡು ಬಂದು, ನಮ್ಮ ಪಾರ್ಕಿನ ಬೇಲಿ ಪಕ್ಕ ಹೊಂಗೆ ಮರದ ಕೆಳಗೆ ಒದ್ದೆ ಗೋಣಿ ಹಾಸಿ ಕೂತರೆ ಹತ್ತು ಗಂಟೆಯೊಳಗೆ ಖಾಲಿ. ಹದಿನೆಂಟು ವರ್ಷದಿಂದ ಅದೇ ಮರ. ನನಗಿಂತ ಹತ್ತು ವರ್ಷವಾದರೂ ದೊಡ್ಡವರು, ಆದರೂ ನನ್ನನ್ನು ಅಕ್ಕಾ ಅನ್ನುತ್ತಾರೆ. (ವ್ಯಾಪಾರದಲ್ಲಿ ಎಲ್ಲರೂ ಅಕ್ಕಂದಿರೇ.)

ಸೊಪ್ಪಿನ ಕಟ್ಟು ಚೀಲಕ್ಕೆ ಹಾಕಿದ ಮೇಲೆ ಎರಡು ಎಸಳು ಕರಿಬೇವು, ನಾಲ್ಕು ಕಡ್ಡಿ ಕೊತ್ತಂಬರಿ. ಅದು ಕೊಸರು. ಕೊಸರನ್ನು ಕೇಳಬಾರದು. ಕೇಳಿದರೆ ಅದು ಕೊಸರಲ್ಲ, ಚೌಕಾಸಿ.

ಹತ್ತು ನಿಮಿಷದಲ್ಲಿ ಸಾಮಾನು ಮನೆಗೆ ತಂದುಕೊಡುವ ಆ್ಯಪ್ ನನ್ನ ಮೊಬೈಲಿನಲ್ಲೂ ಇದೆ, ಸುಳ್ಳೇಕೆ? ಅಲ್ಲಿಯೂ ಕೊಸರು ಉಂಟು, ಆದರೆ ಉಲ್ಟಾ. ಹ್ಯಾಂಡ್ಲಿಂಗ್ ಚಾರ್ಜು. ಮಳೆ ಬಂದರೆ ಮಳೆ ಚಾರ್ಜು. ಕಡಿಮೆ ತಗೊಂಡರೆ ಕಡಿಮೆ ತಗೊಂಡದ್ದಕ್ಕೊಂದು ಚಾರ್ಜು. ಅಲ್ಲಿ ಕೊಸರು ಕೊಡುವವರು ನಾವು. ಒಂದು ದಿನವಾದರೂ ತುಟಿ ಬಿಚ್ಚಿದ್ದೇವೆಯೇ? ಸೊಪ್ಪಿನವರ ಮುಂದೆ ಮಾತ್ರ ನಮಗೆ ಅರ್ಥಶಾಸ್ತ್ರ ನೆನಪಾಗುತ್ತದೆ.

ಶನಿವಾರ ಚೀಲ ಹಿಡಿದು ಹೋದೆ. ಎಂದಿನಂತೆ ಸೊಪ್ಪಿಗೆ ನೀರು ಚಿಮುಕಿಸುತ್ತಾ ಕೂತಿರಲಿಲ್ಲ ಪಿಳ್ಳಮ್ಮ. ರಸ್ತೆ ನೋಡುತ್ತಾ ಕೂತಿದ್ದರು.

“ಸೊಪ್ಪು ಆಮ್ಯಾಕೆ ತಗಳಕ್ಕಾ. ಮೊದ್ಲು ಇದೇನಂತ ಓದೇಳು.” ಮಡಿಲಿನಿಂದ ಎರಡು ಹಾಳೆ ತೆಗೆದರು. “ನೆನ್ನೆ ಯಾರೋ ಬಂದು ಕೊಟ್ಟೋದ್ರು. ಸ್ವಾಮಾರ ಲಾರಿ ಬತ್ತದಂತೆ. ಮಂಕ್ರಿ, ಗೋಣಿ ಎಲ್ಲಾ ಎತ್ತಾಕ್ಕಂಡು ಓಯ್ತಾರಂತೆ.”

“ಬೀದಿ ವ್ಯಾಪಾರಿ ಕಾರ್ಡು ಇತ್ತಲ್ಲ ಪಿಳ್ಳಮ್ಮ? ತೋರಿಸ್ಬೇಕಿತ್ತು.”

“ತೋರಿಸ್ದೆ. ಕಾರ್ಡೂ ಐತೆ, ಕಂಪ್ಲೇಂಟೂ ಐತಲ್ಲಮ್ಮ ಅಂದ.”

ಮೊದಲ ಹಾಳೆ ಓದಿದೆ. ಪಾಲಿಕೆಯ ನೋಟಿಸು. ಸೊಪ್ಪಿನ ವ್ಯಾಪಾರದಿಂದ ಫುಟ್‌ಪಾತ್ ಒತ್ತುವರಿ, ಓಡಾಟಕ್ಕೆ ತೊಂದರೆ, ಕಸ, ನೊಣ. ಸೋಮವಾರ ತೆರವು. ಎಂ-ಸ್ಯಾಂಡ್ ಗುಡ್ಡೆಯ ಬಗ್ಗೆ ಒಂದಕ್ಷರವಿಲ್ಲ. ಕವರ್ ಹೊದ್ದ ಕಾರಿನ ಬಗ್ಗೆಯೂ ಇಲ್ಲ.

ಎರಡನೇ ಹಾಳೆ ತಿರುವಿದೆ. ‘ಸಮ್ಮತಿ ಸೂಚಿಸಿದ ನಿವಾಸಿಗಳು’. ನಲವತ್ತೊಂದು ಹೆಸರು. ಪ್ರತಿ ಹೆಸರಿನ ಮುಂದೆ, ಜೆರಾಕ್ಸಿನಲ್ಲಿ ಬೂದಿ ಬಣ್ಣಕ್ಕೆ ತಿರುಗಿದ ಪುಟ್ಟ ಹೆಬ್ಬೆಟ್ಟು.

“ಯಾರ್ಯಾರು, ಓದು.”

“ತುಂಬಾ ಜನ ಇದಾರೆ ಪಿಳ್ಳಮ್ಮ. ಈಗ್ಯಾಕೆ...”

“ಇರ್ಲಿ ಬುಡು. ನಂಗೇನು ಕೆಲ್ಸ ಐತೆ? ಓದು.”

ಓದಿದೆ. ಬರೀ ಹೆಸರು ಹೇಳಿದರೆ ಗುರುತಾಗುತ್ತಿರಲಿಲ್ಲ, ಮನೆ ಹೇಳಬೇಕಿತ್ತು. ಒಂದು, ಹಸಿರು ಗೇಟಿನವರು. “ಮೆಂತ್ಯದೋರು,” ಅಂದರು ಪಿಳ್ಳಮ್ಮ. ಎರಡು, ಡಾಕ್ಟರ ಮನೆ. “ಪಾಲಕ್ಕು.” ಮೂರು, ಮಹಡಿ ಮನೆ ಮಾಮಿ. “ಸಬ್ಸಿಗೆ! ವಾರಕ್ಕೆರಡು ಕಟ್ಟು. ಅವ್ರೂನಾ?”

ನನ್ನ ನಾಲಗೆ ಒಂದು ಸಾಲಿನಲ್ಲಿದ್ದರೆ ಕಣ್ಣು ಐದು ಸಾಲು ಮುಂದಿತ್ತು. ಹದಿನೇಳನೆಯದು ಕಂಡಿತು. ಮನೆ ನಂಬರು, ಇನಿಷಿಯಲ್ಲು, ಎಲ್ಲ ಸರಿಯಾಗಿತ್ತು. ನನ್ನದೇ.

ಹದಿನಾರು ಓದಿದೆ. ಹದಿನೆಂಟು ಓದಿದೆ.

ನಲವತ್ತೊಂದರವರೆಗೂ ಪಿಳ್ಳಮ್ಮ ತಡೆಯಲಿಲ್ಲ. ಮುಗಿದ ಮೇಲೆ ಗೋಣಿಯ ಮೇಲಿದ್ದ ಒಂದು ಹಣ್ಣೆಲೆ ಆರಿಸಿ ಬಿಸಾಕಿ ಕೇಳಿದರು. “ಹದ್ನೇಳು ಯಾರಕ್ಕಾ?”

“ಏನು?”

“ಹದ್ನಾರು ಅಂದೆ. ಆಮ್ಯಾಕೆ ಹದ್ನೆಂಟು ಅಂದೆ. ನಾನು ಎಬ್ಬೆಟ್ಟೇ ಕಣಕ್ಕಾ. ಆದ್ರೆ ದಿನಾ ಇನ್ನೂರು ಕಟ್ಟು ಎಣಿಸಿ ಮಂಕ್ರಿಗಾಕೋಳು.”

ಒಂದು ಡೆಲಿವರಿ ಬೈಕು ಫುಟ್‌ಪಾತ್ ಹತ್ತಿ, ನಮ್ಮಿಬ್ಬರನ್ನೂ ಬಳಸಿಕೊಂಡು ಇಳಿದು ಹೋಯಿತು. (ಅದಕ್ಕೆ ಒತ್ತುವರಿ ಅನ್ನುವುದಿಲ್ಲ. ಸ್ಪೀಡ್ ಅನ್ನುತ್ತೇವೆ.)

“ಬೆರಕೆ ಸೊಪ್ಪು,” ಅಂದೆ.

ನಮ್ಮ ರಸ್ತೆಯಲ್ಲಿ ಬೆರಕೆ ಸೊಪ್ಪು ತಗೊಳ್ಳುವುದು ಒಂದೇ ಮನೆ.

“ಓದ್ದೆಲೇ ಒತ್ತುದ್ಯಾ?”

“ಪೂರ್ತಿ ಓದ್ಲಿಲ್ಲ. ಆ ಮರಳು ಗುಡ್ಡೆ ತೆಗೆಸ್ತಾರೆ ಅಂದ್ಕೊಂಡೆ.”

“ನಂಗೆ ಓದಕ್ ಬರಲ್ಲ, ಅದ್ಕೇ ಯಾರತ್ರನಾದ್ರೂ ಓದಿಸ್ಕಂಡೇ ಒತ್ತದು. ನಿಂಗೆ ಓದಕ್ ಬತ್ತದೆ, ಅದ್ಕೇ ಓದಲ್ಲ.” ಕೋಪವಿರಲಿಲ್ಲ. ಅದೇ ಕಷ್ಟವಾಗಿದ್ದು. ಎರಡು ಕಟ್ಟು ಎತ್ತಿ ಚೀಲಕ್ಕೆ ಹಾಕುತ್ತಾ ಸೇರಿಸಿದರು. “ಬೆರಕೆನೇ ಬುಡು ನೀನು.”

ಚೀಲದ ಬಾಯಿ ತೆರೆದುಕೊಂಡು ಒಂದು ಕ್ಷಣ ನಿಂತೆ. ಕೊಸರು ಬರಲಿಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಸಲ.

ಮನೆಗೆ ಬಂದು ಆ ಮೆಸೇಜಿನ ಮೇಲೆ ಬೆರಳಿಟ್ಟು ಹೆಬ್ಬೆಟ್ಟು ತೆಗೆದೆ. ತೆಗೆಯುವುದು ಒತ್ತಿದಷ್ಟೇ ಸುಲಭ. ಆದರೆ ಹಾಳೆಯ ಮೇಲಿನದು? ಸೆಕ್ರೆಟರಿಗೆ ಫೋನ್ ಮಾಡಿದೆ.

“ಮೇಡಂ, ನೀವೇ ಥಂಬ್ಸ್ ಅಪ್ ಕೊಟ್ಟಿದ್ರಲ್ಲ? ಪರ್ಸನಲ್ ಆಗಿ ನಂಗೇನೂ ಇಲ್ಲ. ಮೆಜಾರಿಟಿ ಹೇಳ್ದಂಗೆ ಮಾಡಿದೀನಿ.”

“ಮೆಜಾರಿಟಿ ಓದಿದ್ಯಾ ಅಂತ ಕೇಳಿದ್ರಾ?”

“ಓಟ್ ಹಾಕೋರ್ನೆಲ್ಲ ಮ್ಯಾನಿಫೆಸ್ಟೋ ಓದಿದ್ರಾ ಅಂತ ಯಾರು ಕೇಳ್ತಾರೆ ಮೇಡಂ?” ಅಂತ ನಕ್ಕರು. ಕೆಟ್ಟವರೇನಲ್ಲ. ಪಾರ್ಕಿನಲ್ಲಿ ದೀಪ ಉರಿಯುತ್ತಿದ್ದರೆ ಅದು ಅವರ ಓಡಾಟದಿಂದಲೇ. “ಬೇಕಾದ್ರೆ ಬರವಣಿಗೇಲಿ ತನ್ನಿ. ಸೋಮವಾರ ಒಂಬತ್ತಕ್ಕೆ ಪಾಲಿಕೆಯವ್ರು ಬರ್ತಾರೆ, ಅವರ ಕೈಗೇ ಕೊಡಿ.”

ಬೇರೆ ಯಾರ ಹತ್ತಿರ ಹೋಗುವುದು? ನಮ್ಮ ವಾರ್ಡಿಗೆ ಕಾರ್ಪೊರೇಟರ್ ಅಂತ ಒಬ್ಬರಿದ್ದು ಎಷ್ಟೋ ವರ್ಷವಾಯಿತು. ಇದ್ದಾಗ ಬೈಯುತ್ತಿದ್ದೆವು. ಈಗ ಬೈಯಲೂ ಒಂದು ಬಾಗಿಲಿಲ್ಲ.

ಭಾನುವಾರ ತಿಂಡಿ ಮುಗಿಸಿ, ಕನ್ನಡದಲ್ಲಿ ಐದೇ ಸಾಲು ಬರೆದುಕೊಂಡು ಮನೆ ಮನೆ ತಿರುಗಿದೆ. ‘ಪೂರ್ತಿ ಓದದೆ ಕೊಟ್ಟ ಸಮ್ಮತಿಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ.’ ಪ್ರತಿ ಮನೆಯಲ್ಲೂ ನಾನೇ ಗಟ್ಟಿಯಾಗಿ ಓದಿದೆ. ಬುದ್ಧಿ ಬಂದಿತ್ತಲ್ಲ!

ಕಾಲೇಜಿನಲ್ಲಿ ಪಾಠ ಮಾಡುವ ಧಾರವಾಡದ ಮೇಷ್ಟ್ರು, ನಮ್ಮೆದುರಿನ ಬಾಡಿಗೆ ಮನೆಯವರು, ಕೇಳಿ ಹಣೆ ಹಣೆ ಬಡಿದುಕೊಂಡರು. “ಅಯ್ಯ, ನಾನೂ ಓದಿಲ್ರೀ ಅಕ್ಕಾರ! ಬೀದಿ ದೀಪದ್ದು ಅನ್ಕೊಂಡು ಒತ್ತೀನಿ. ಹುಡುಗ್ರಿಗೆ ಪ್ರಶ್ನೆ ಪೂರಾ ಓದಿ ಉತ್ತರ ಬರೀರಿ ಅಂತ ದಿನಾ ಒದರ್ತೀನಿ ನೋಡ್ರಿ.” ಮಹಡಿ ಮನೆ ಮಾಮಿ ಯಾರದೋ ಬರ್ತ್‌ಡೇ ಇರಬೇಕು ಅಂತ ಒತ್ತಿದ್ದರಂತೆ.

ನಗು ಬರುತ್ತಿತ್ತು. ಡಾಕ್ಟರ ಮನೆ ಬಾಗಿಲಲ್ಲಿ ನಿಂತುಹೋಯಿತು.

“ನಾನು ಪೂರ್ತಿ ಓದೇ ಹಾಕಿದ್ದು,” ಅಂದರು ಡಾಕ್ಟರ ಹೆಂಡತಿ. “ನಮ್ಮತ್ತೆ ಸೊಂಟ ಮುರ್ಕೊಂಡಿದ್ದೆಲ್ಲಿ, ಗೊತ್ತಲ್ಲ ನಿಮ್ಗೆ? ಅವಳ ಗೋಣಿ ತಪ್ಪಿಸ್ಕೊಳ್ಳೋಕೆ ರಸ್ತೆಗಿಳಿದ್ರು. ಸ್ಕೂಟರ್ ಬಂತು. ಸೊಪ್ಪು ನಾನೂ ತಗೋತೀನಿ. ಆದ್ರೆ ನಡೆಯೋರು ಎಲ್ಲಿ ನಡೀಬೇಕು?”

ಒಳಗೆ ಹಾಲಿನಲ್ಲಿ ಆ ಅಜ್ಜಿಯ ವಾಕರ್ ಕಾಣುತ್ತಿತ್ತು. ಎಂ-ಸ್ಯಾಂಡ್ ಗುಡ್ಡೆಯನ್ನು ಬೈದುಕೊಂಡು ಓಡಾಡುವ ನಾನು, ಗೋಣಿ ಎಷ್ಟು ಹರಡಿದೆ ಅಂತ ಒಂದು ದಿನವೂ ನೋಡಿರಲಿಲ್ಲ. ನನಗೆ ಕೊಸರು ಸಿಗುತ್ತಿತ್ತಲ್ಲ.

“ವಾಕರ್ ಹೋಗೋಷ್ಟು ಜಾಗ ಬಿಟ್ರೆ?” ಅಂದೆ.

“ಬಿಡ್ಲಿ ನೋಡೋಣ,” ಅಂತ ಬಾಗಿಲು ಹಾಕಿಕೊಂಡರು. ಸಹಿ ಹಾಕಲಿಲ್ಲ.

ಸೋಮವಾರ ಎಂಟೂವರೆಗೆ ಪಿಳ್ಳಮ್ಮನಿಗೆ ಅಜ್ಜಿಯ ವಾಕರ್ ವಿಷಯ ಹೇಳಿದೆ. ಎದ್ದರು. ಮಂಕರಿಗಳನ್ನು ಬೇಲಿಗೆ ಒತ್ತರಿಸಿ, ಎರಡು ಗೋಣಿಯಲ್ಲಿ ಒಂದನ್ನು ಮಡಿಚಿ ಅದರ ಮೇಲೇ ಕೂತರು. ಒಂಬತ್ತು ಗಂಟೆಗೆ ಲಾರಿ ಬಂತು. ಎಂಜಿನ್ ಆಫ್ ಮಾಡಲಿಲ್ಲ. ಇಬ್ಬರು ಹಿಂದಿನಿಂದ ಇಳಿದು ನಿಂತರು. ಮುಂದಿನಿಂದ ಫೈಲು ಹಿಡಿದ ಒಬ್ಬ ಅಧಿಕಾರಿ.

ನನ್ನ ಹಾಳೆ ಕೊಟ್ಟೆ. ನಿಂತಲ್ಲೇ ಎಣಿಸಿದರು.

“ಇಪ್ಪತ್ತು ಜನ ವಾಪಸ್ ತಗೊಂಡಿದೀರ. ಇನ್ನೂ ಇಪ್ಪತ್ತೊಂದು ಇದೆ ಮೇಡಂ.”

ಒಂದೇ ಒಂದು ಸಹಿ ಕಡಿಮೆ! ಪಿಳ್ಳಮ್ಮ ನನ್ನ ಮುಖ ನೋಡಿದರು. ಅವರಿಗೆ ಲೆಕ್ಕ ಬರುತ್ತದೆ ಅಂತ ಆಗಲೇ ಹೇಳಿದೆನಲ್ಲ.

“ಅದೂ ಅಲ್ದೆ, ಇದೇನು ಎಲೆಕ್ಷನ್ನಾ ಮೇಡಂ ಎಣಿಸೋಕೆ?” ಅಂದವರು ಕೈ ಸನ್ನೆ ಮಾಡಿದರು. ಒಬ್ಬಾತ ಮಂಕರಿಯ ಅಂಚು ಹಿಡಿದ. ಪಿಳ್ಳಮ್ಮ ಇನ್ನೊಂದು ಅಂಚು ಹಿಡಿದರು.

ಆಗ ಟಕ್ ಟಕ್ ಅಂತ ಸದ್ದಾಯಿತು. ಡಾಕ್ಟರ ಹೆಂಡತಿ. ನೈಟಿ ಮೇಲೊಂದು ವೇಲು, ಕೈಯಲ್ಲಿ ಅತ್ತೆಯ ವಾಕರ್. ಖಾಲಿ ವಾಕರನ್ನು ಮಡಿಚಿದ ಗೋಣಿಯ ಪಕ್ಕದಿಂದ ಅತ್ತ ತುದಿಯವರೆಗೆ ಎತ್ತಿ ಇಡುತ್ತಾ ನಡೆದು ಹೋದರು. ತಿರುಗಿ ಬಂದರು. ಎಲ್ಲೂ ತಗುಲಲಿಲ್ಲ.

“ಎಲ್ಲಿ ಸೈನ್ ಹಾಕ್ಬೇಕು?” ಅಂದರು ನನಗೆ. ಹಾಕಿದರು. ಇಪ್ಪತ್ತೊಂದು.

ಅಧಿಕಾರಿ ಗಡಿಯಾರ ನೋಡಿಕೊಂಡು ಫೈಲಿನಿಂದ ಅಚ್ಚಾದ ಫಾರಂ ಒಂದು ಎಳೆದರು. “ಸರಿ, ಮುಚ್ಚಳಿಕೆ ಕೊಡ್ಲಿ. ಬಾಮ್ಮ, ಇಲ್ಲಿ ಒತ್ತು. ಇನ್ನೂ ಮೂರು ಕಂಪ್ಲೇಂಟ್ ಇದೆ ನಂಗೆ.” ಇಂಕ್ ಪ್ಯಾಡ್ ತೆರೆದರು.

ಪಿಳ್ಳಮ್ಮ ಹೆಬ್ಬೆಟ್ಟಿಗೆ ಇಂಕ್ ತಗೊಂಡರು. ಹಾಳೆಯ ಮೇಲೆ ಇಡಲಿಲ್ಲ.

“ಅಕ್ಕಾ, ಓದೇಳು.”

“ಅದರಲ್ಲೇನಿಲ್ಲಮ್ಮ, ಎಲ್ರಿಗೂ ಅದೇ ಫಾರಂ. ಒತ್ತು ಬೇಗ.”

“ಓದಕ್ಕಾ. ಯಾವ್ ಸಾಲೂ ಬುಡಬ್ಯಾಡ.” ಆ ಮಾತು ನನಗೆ ನಾಟಿತು. ನಾಟಲೆಂದೇ ಅವರು ಅಂದದ್ದು.

ಓದಿದೆ. ಹೆಸರು, ಊರು, ಕಾರ್ಡ್ ನಂಬರು. ನಾಲ್ಕನೇ ಸಾಲು: ‘ಸದರಿ ಜಾಗವನ್ನು ಒಂದು ವಾರದೊಳಗೆ ಸ್ವಇಚ್ಛೆಯಿಂದ ತೆರವು ಮಾಡುತ್ತೇನೆ.’

“ಸ್ವಇಚ್ಛೆ ಅಂದ್ರೆ?”

“ನೀನೇ ಮನಸಾರೆ ಬಿಟ್ಟು ಹೋಗ್ತೀಯ ಅಂತ.”

“ನಾನ್ ಯಾವಾಗಂದೆ?”

ಹೆಬ್ಬೆಟ್ಟನ್ನು ಹೊಂಗೆ ಮರಕ್ಕೆ ಒರೆಸಿದರು. ತೊಗಟೆಯ ಮೇಲೆ ನೀಲಿ ಗುರುತು ಬಿತ್ತು. ಲಾರಿ ಗುರುಗುಟ್ಟುತ್ತಲೇ ಇತ್ತು. ಅಧಿಕಾರಿ ಪೆನ್ನಿನ ತುದಿಯಿಂದ ಫೈಲನ್ನು ಕುಟ್ಟಿದರು. ಕೊನೆಗೆ ಆ ಸಾಲು ಹೊಡೆದುಹಾಕಿ, ಮೇಲೆ ಕೈಯಲ್ಲಿ ಬರೆದರು: ‘ವಾಕರ್ ಹೋಗುವಷ್ಟು ದಾರಿ ಬಿಟ್ಟು ಕೂರುತ್ತೇನೆ.’

ಎರಡು ಸಲ ಓದಿಸಿಕೊಂಡ ಮೇಲೆ ಪಿಳ್ಳಮ್ಮ ಒತ್ತಿದರು.

“ಮುಂದಿನ ಸೋಮವಾರ ಬಂದು ನೋಡ್ತೀನಿ. ಇನ್ನೊಂದು ಕಂಪ್ಲೇಂಟ್ ಬಂದ್ರೆ ನಾನೇನೂ ಮಾಡೋಕಾಗಲ್ಲ,” ಅಂದರು ಅಧಿಕಾರಿ. ಲಾರಿ ಹೋಯಿತು. ಎಂ-ಸ್ಯಾಂಡ್ ಗುಡ್ಡೆಯನ್ನು ಬಳಸಿಕೊಂಡು, ಜೋಪಾನವಾಗಿ.

ಅಂದರೆ ಪಿಳ್ಳಮ್ಮನಿಗೆ ಸಿಕ್ಕಿರುವುದು ಒಂದು ವಾರ. ಗ್ರೂಪಿನಲ್ಲಿ ಇಪ್ಪತ್ತು ಹೆಬ್ಬೆಟ್ಟು ಇನ್ನೂ ಹಾಗೇ ಇವೆ.

ನೆನ್ನೆ ಬೆಳಗ್ಗೆ ಮತ್ತೆ ಹೋದೆ. ಬೆರಕೆ ಸೊಪ್ಪು ಎರಡು ಕಟ್ಟು. ಚೀಲದ ಬಾಯಿ ತೆರೆದುಕೊಂಡೇ ನಿಂತೆ. ಕೇಳಬಾರದು ಅಂತ ಗೊತ್ತು.

“ಇನ್ನೇನಕ್ಕಾ?”

“ಏನಿಲ್ಲ.”

ಪಿಳ್ಳಮ್ಮ ಕರಿಬೇವಿನ ಕಂತೆಯ ಮೇಲೆ ಕೈಯಿಟ್ಟರು. ಕಣ್ಣಲ್ಲಿ ನಗುವಿತ್ತೋ ಇಲ್ಲವೋ, ಹೇಳಲಾರೆ. “ಮುಂದ್ಲ ಸ್ವಾಮಾರ ಕಳೀಲಿ. ನಾನಿಲ್ಲೇ ಇದ್ರೆ, ಆಮ್ಯಾಕೆ ಕೊಸರು.”

ಓಟಿಗೆ ಮೊದಲೇ ಕೊಸರು ಹಂಚುವವರನ್ನು ಬೇಕಾದಷ್ಟು ಕಂಡಿದ್ದೇನೆ. ಕೆಲಸ ಆಗಲಿ, ಆಮೇಲೆ ಕೊಸರು ಅಂದವರನ್ನು ಕಂಡದ್ದು ಇದೇ ಮೊದಲು.