ಬಿಡ್ತು ಎನ್ನದೆ ಕೇಳಿಸಿಕೊಂಡ ಉಚ್ಚಂಗೆಮ್ಮನವರು

ಕೂಡ್ಲಿಗಿ, ಕೊಟ್ಟೂರು, ಹಡಗಲಿ ಸೀಮೆಯ ಆರೋಗ್ಯ ಸೇವೆಯ ಚರಿತ್ರೆಯನ್ನು ಯಾರಾದರೂ ಬರೆದರೆ ಅದರಲ್ಲಿ ಕಟ್ಟಡಗಳಿಗೂ ಉದ್ಘಾಟಕರಿಗೂ ಬೇಕಾದಷ್ಟು ಪುಟ ಸಿಕ್ಕೀತು. ಮೂವತ್ತಮೂರು ವರ್ಷ ಮನೆಮನೆ ತಿರುಗಿ ಈ ೨೦೦೬ರಲ್ಲಿ ನಿವೃತ್ತರಾಗುತ್ತಿರುವ ಆರೋಗ್ಯ ಸಹಾಯಕಿ ಶ್ರೀಮತಿ ಉಚ್ಚಂಗೆಮ್ಮನವರಿಗೆ ಒಂದು ಸಾಲು ಸಿಗುವುದೂ ಅನುಮಾನ. ಲಸಿಕೆ, ಹೆರಿಗೆ, ಬಾಣಂತನ ಎಲ್ಲ ಸಹಾಯಕಿಯರೂ ನೋಡಿಕೊಂಡ ಕೆಲಸಗಳೇ. ಬದುಕೇ ಬೇಡವೆಂದು ಕುಳಿತ ಹರೆಯದವರನ್ನೂ, ದಿಕ್ಕು ತೋಚದ ಅವರ ಮನೆಯವರನ್ನೂ ಬಳ್ಳಾರಿಯ ಮನೋವೈದ್ಯರ ಕೋಣೆಯವರೆಗೆ ಕೈಹಿಡಿದು ಕರೆದೊಯ್ದವರು ಮಾತ್ರ ಇವರೊಬ್ಬರೇ.

ಅವರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಕೆಲಸಕ್ಕೆ ಹತ್ತು ನಿಮಿಷ ಮುಂಚೆ ಬರುತ್ತಿದ್ದದ್ದು ತಡವಾಗಿ ಬರುವವರನ್ನು ಬೈಯಲಿಕ್ಕೇ ಎಂದು ಸಹೋದ್ಯೋಗಿಗಳು ನಗುತ್ತಿದ್ದರು. ಬೈದಾದ ಮೇಲೆ ತಮ್ಮ ಡಬ್ಬಿಯ ರೊಟ್ಟಿಯನ್ನು ಬೈಸಿಕೊಂಡವರಿಗೇ ಹಂಚಿ ತಾವು ಬರೀ ಚಹಾ ಕುಡಿಯುತ್ತಿದ್ದರು.

೧೯೯೧ರಲ್ಲಿ ಅವರು ಕೊಟ್ಟೂರಿನಲ್ಲಿದ್ದಾಗ ನಡೆದದ್ದನ್ನು ಅವರೇ ಪ್ರತಿ ತರಬೇತಿಯಲ್ಲೂ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಕೂಸಿಗೆ ಲಸಿಕೆ ಹಾಕಲು ಹೋದ ಮನೆಯಲ್ಲಿ ಅದರ ಸೋದರಮಾವ, ಪಿಯುಸಿ ಓದುತ್ತಿದ್ದ ಹಂಪೇಶ್, ನಾನು ಸತ್ತರೆ ಎಲ್ಲರಿಗೂ ನೆಮ್ಮದಿ ಎಂದು ನಗುನಗುತ್ತಲೇ ಅಂದ. ಕೆಟ್ಟ ಮಾತು ಬಾಯಿಗೆ ಬಂದರೆ ‘ಬಿಡ್ತು ಅನ್ನು’ ಎಂದು ಅಲ್ಲಿಗೇ ತಡೆಯುವುದು ನಮ್ಮ ಮನೆಗಳ ವಾಡಿಕೆ. ಇವರೂ “ಬಿಡ್ತು ಅನ್ನಪ್ಪ, ಎಂಥಾ ಮಾತಾಡ್ತಿ” ಎಂದು ಗದರಿದರು. ಹುಡುಗ ವಿಧೇಯನಾಗಿ ಬಿಡ್ತು ಅಂದ. ಒಂಬತ್ತನೆಯ ದಿನ ಅವನು ಇರಲಿಲ್ಲ.

ಉಚ್ಚಂಗೆಮ್ಮನವರಿಗೆ ಎಷ್ಟೋ ದಿನ ಅನ್ನ ಇಳಿಯಲಿಲ್ಲ. ಕೊನೆಗೆ ರಜೆ ಹಾಕಿ ಬಳ್ಳಾರಿಗೆ ಹೋಗಿ, ಮನೋವೈದ್ಯರ ಕೋಣೆಯ ಮುಂದೆ ಸರದಿಯಲ್ಲಿ ಕುಳಿತು, ಅವನಿಗೆ ನಾನು ಏನನ್ನಬೇಕಿತ್ತು ಎಂದು ಕೇಳಿದರು. ನೇರವಾಗಿ ಕೇಳಬೇಕಿತ್ತು, ಕೇಳಿದರೆ ಯಾರೂ ಸಾಯುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ ಎಂದರು ವೈದ್ಯರು. ಅಂದಿನಿಂದ ವೈದ್ಯರು ಸಿಗುವ ವಾರ, ಬೆಳಗಿನ ಬಸ್ಸಿನ ಹೊತ್ತು, ಚೀಟಿ ಬರೆಸುವ ಕಿಟಕಿ ಎಲ್ಲವೂ ಇವರ ನಾಲಿಗೆಯ ಮೇಲೆ. ಬರೀ ವಿಳಾಸ ಕೊಟ್ಟು ಕಳಿಸಿದರೆ ಜನ ಆಸ್ಪತ್ರೆಯ ಗೇಟಿನಿಂದಲೇ ಹಿಂದಿರುಗುತ್ತಾರೆಂದು ತಾವೇ ಜೊತೆಗೆ ಬಸ್ಸು ಹತ್ತುತ್ತಿದ್ದರು.

೧೯೯೯ರಲ್ಲಿ ಅವರಿಗೆ ಹಡಗಲಿಗೆ ವರ್ಗವಾಗಿತ್ತು. ಮಲ್ಲಿಗೆ ಬೆಳೆಯುವ ಮೈಲಪ್ಪನವರ ಹೆಂಡತಿ ಕೊಟ್ರಮ್ಮ ಬಿ.ಪಿ. ಮಾತ್ರೆಯ ನೆಪದಲ್ಲಿ ಬಂದು, ಎಲ್ಲರೂ ಹೋದರೂ ಬಾಗಿಲ ಬಳಿಯೇ ನಿಂತಿದ್ದರು. ಹತ್ತೊಂಬತ್ತರ ಮಗಳು ಸುಮಲತಾ ಮೂರು ವಾರದಿಂದ ಸರಿಯಾಗಿ ಉಂಡಿಲ್ಲ, ನಿದ್ದೆಯಿಲ್ಲ. ಅವಳು ಏನೋ ಹೇಳಲು ಬಂದರೆ ಕೊಟ್ರಮ್ಮನೇ ಬಿಡ್ತು ಅನ್ನಿಸಿ ದೇವರಿಗೆ ದೀಪ ಹಚ್ಚುತ್ತಾರೆ. ಆಸ್ಪತ್ರೆಯವರು ಮನೆಗೆ ಬಂದರೆ ಓಣಿಯಲ್ಲಿ ಸುದ್ದಿಯಾಗಿ ಹುಡುಗಿಗೆ ಗಂಡು ಸಿಗುವುದಿಲ್ಲವೆಂಬ ಅಂಜಿಕೆ ಬೇರೆ. ಮಾರನೆಯ ದಿನ ಉಚ್ಚಂಗೆಮ್ಮನವರು ಬಿಳಿ ಸೀರೆ ಬಿಟ್ಟು ಹೂ ಕೊಳ್ಳುವ ಗಿರಾಕಿಯಾಗಿ ಹೋಗಿ, ಹುಡುಗಿಯ ಪಕ್ಕದಲ್ಲಿ ಮೊಗ್ಗು ಕಟ್ಟುತ್ತ ಕುಳಿತರು. ಕಟ್ಟಿದ್ದು ಅಷ್ಟು ಚೆಂದವೇನೂ ಇರಲಿಲ್ಲವೆಂದು ಕೊಟ್ರಮ್ಮ ಇಂದಿಗೂ ಹೇಳುತ್ತಾರೆ. ಅರ್ಧ ಮಾರು ಮುಗಿದ ಮೇಲೆ ತಲೆಯೆತ್ತದೆ ಕೇಳಿದರು:

“ಸಾಯಬೇಕು ಅನ್ಸಾಕ ಹತ್ತೈತೇನವಾ?”

ಕೊಟ್ರಮ್ಮನವರು, “ಬಿಡ್ತು ಅನ್ರಿ ಅಕ್ಕಾರ, ಮನ್ಯಾಗ ದೀಪ ಹಚ್ಚೀನಿ” ಎಂದು ಎದ್ದೇಬಿಟ್ಟರು.

“ಅನ್ನಂಗಿಲ್ಲವಾ. ಆಕಿ ಮಾತು ಮುಗಿಸಲಿ, ಕುಂದ್ರು” ಎಂದರು ಉಚ್ಚಂಗೆಮ್ಮ.

ಸುಮಲತಾ ದಾರ ಕೆಳಗಿಟ್ಟು ಹೌದೆಂದಳು. ಶುಕ್ರವಾರ ಎಂದು ದಿನವನ್ನೂ ಗೊತ್ತುಮಾಡಿಕೊಂಡಿದ್ದಳು, ಅಂದು ಬುಧವಾರ. ಇಪ್ಪತ್ತು ದಿನ ಒಳಗೇ ಅದುಮಿಟ್ಟದ್ದನ್ನು ಒಂದು ತಾಸು ಹೇಳಿದಳು, ಉಚ್ಚಂಗೆಮ್ಮನವರು ಎಲ್ಲಿಯೂ ತಡೆಯಲಿಲ್ಲ. ಆಮೇಲೆ ಮೈಲಪ್ಪನವರನ್ನು ಕರೆಸಿ ಗಿಡಕ್ಕೆ ಹೊಡೆಯುವ ಔಷಧವನ್ನೆಲ್ಲ ಮನೆಯಿಂದ ಆಚೆ ಸಾಗಿಸಿದರು, ಮಗಳನ್ನು ಒಂಟಿಯಾಗಿ ಬಿಡಬೇಡಿರೆಂದು ಕೈಹಿಡಿದು ಹೇಳಿದರು. ಗುರುವಾರ ಬೆಳಗಿನ ಬಸ್ಸಿನಲ್ಲಿ ನಾಲ್ವರೂ ಬಳ್ಳಾರಿಗೆ ಹೊರಟರು. ಶುಕ್ರವಾರ ಸುಮಲತಾ ಆಸ್ಪತ್ರೆಯಲ್ಲಿ, ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಚೇತರಿಸಿಕೊಳ್ಳಲು ಒಂದು ವರ್ಷವೇ ಹಿಡಿಯಿತು. ತಿಂಗಳಿಗೊಮ್ಮೆ ಬಳ್ಳಾರಿಗೆ ಹೋಗುವಾಗ ಉಚ್ಚಂಗೆಮ್ಮನವರು ಒಮ್ಮೆಯೂ ತಪ್ಪಿಸಲಿಲ್ಲ.

ಈ ಲೇಖನದಲ್ಲಿ ಆಕೆಯ ನಿಜವಾದ ಹೆಸರು ಬರಕೂಡದೆಂದು ಉಚ್ಚಂಗೆಮ್ಮನವರು ಕಟ್ಟಪ್ಪಣೆ ಮಾಡಿದ್ದರು. ಹಗರಿಬೊಮ್ಮನಹಳ್ಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು, ಗಂಡ, ಮಗಳೊಂದಿಗಿರುವ ಆಕೆಗೆ ಹಸ್ತಪ್ರತಿ ತೋರಿಸಿ, ಅದರಲ್ಲಿ ಹಾಕಿದ್ದ ಬದಲಿ ಹೆಸರು ಆಗಬಹುದೇ ಎಂದು ಸಂಪಾದಕರು ಕೇಳಿದರು. ಪೂರ್ತಿ ಓದಿ, ಕಣ್ಣೊರೆಸಿಕೊಂಡು, ಆ ಹೆಸರನ್ನು ತಾನೇ ಹೊಡೆದುಹಾಕಿ ಆಕೆ ಅಂದದ್ದಿಷ್ಟು:

“ಸುಮಲತಾ ಅಂತಾನ ಬರೀರಿ. ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದಽ ಐತಿ ಅಂತನೂ ಹಾಕ್ರಿ. ಅಕ್ಕಾರು ಮನ್ಯಾಗ ಇಲ್ಲದಾಗ ಯಾರರ ಬಂದ್ರ ನನ್ನ ಹತ್ರ ಬರಲಿ.”

ಆಕೆ ಹೇಳಿದಂತೆಯೇ ಇಲ್ಲಿ ಬರೆದಿದೆ. ಪೂಜ್ಯ ಉಚ್ಚಂಗೆಮ್ಮನವರು ಆಯುರಾರೋಗ್ಯದಿಂದ ಬಹುಕಾಲ ಬಾಳಲಿ, ಇನ್ನೂ ಎಷ್ಟೋ ಮನೆಯವರೊಂದಿಗೆ ಬಳ್ಳಾರಿಯ ಬಸ್ಸು ಹತ್ತುವ ಕಸುವು ಅವರ ಕಾಲಿಗಿರಲಿ; ಅವರಿಗೆ ದಣಿವಾದ ದಿನ ಸುಮಲತಾ ಹೋಗುತ್ತಾಳೆ.