ಸೋಪ್ ಡಬ್ಬಿಯೊಳಗಿನ ಕೆಂಪು ಚುಕ್ಕಿ

ಕಳೆದ ವಾರ ಕೊರಿಯರ್‌ನವನು ಕೊಟ್ಟುಹೋದ ಪೊಟ್ಟಣ ಬಿಚ್ಚಿದರೆ ಒಳಗೆ ಗುಲಾಬಿ ಬಣ್ಣದ ಒಂದು ಸೋಪ್ ಡಬ್ಬಿ. ಮುಚ್ಚಳ ತೆಗೆದ ಕೂಡಲೇ ಮೇಣ, ರಾಳ ಎರಡೂ ಕಲೆತ ಹಳೆಯ ವಾಸನೆ ಮೂಗಿಗೆ ಬಡಿಯಿತು. ಜೊತೆಗೊಂದು ಚೀಟಿ: ‘ಒಂಬತ್ತು ವರ್ಷ ಚೆನ್ನಾಗಿತ್ತು ಸಾರ್, ಈಗ ಆಟ ಬರ್ತಿಲ್ಲ, ನೋಡಿ.’ ಬೇರೆ ಯಾರಾಗಿದ್ದರೂ ಬೇಜಾರು ಮಾಡಿಕೊಳ್ಳುತ್ತಿದ್ದರು. ನಾನು ಮಾತ್ರ ಡಬ್ಬಿ ಹಿಡಿದುಕೊಂಡು ಮೆಟ್ಟಿಲ ಬುಡದವರೆಗೆ ಓಡಿದೆ. ‘ಆಂಟಿ, ಒಂದು ವಾಪಸ್ ಬಂತು’ ಎಂದು ಕೂಗಲು ಬಾಯಿ ತೆರೆದ ಮೇಲೆ ನೆನಪಾಯಿತು... ಮಹಡಿಯಲ್ಲಿ ಈಗ ಅವರಿಲ್ಲ.

ಚಾಮರಾಜಪೇಟೆಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಅವರನ್ನು ಬೀದಿಯವರೆಲ್ಲ ಮೇಲ್ಮನೆ ಆಂಟಿ ಎಂದೇ ಕರೆಯುತ್ತಿದ್ದರು. ಟೆಲಿಫೋನ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ವೈರು ಬೆಸೆದು, ಸ್ವಯಂ ನಿವೃತ್ತಿ ತೆಗೆದುಕೊಂಡವರು. ಆಮೇಲೆ ಅವರ ಕೈಗೆ ಸಿಕ್ಕ ಕೆಲಸವೆಂದರೆ ಬೆಳಗಿನ ರಂಗೋಲಿ, ಸಂಜೆ ಹೂ ಕಟ್ಟುವುದು. ಎರಡನ್ನೂ ಅವರು ಯಾರೋ ಬಂದು ತಪಾಸಣೆ ಮಾಡುತ್ತಾರೆ ಎನ್ನುವಷ್ಟು ಶಿಸ್ತಿನಲ್ಲಿ ಮಾಡುತ್ತಿದ್ದರು.

ನಾನೋ ವಿಮಾ ಕಚೇರಿಯ ಗುಮಾಸ್ತ, ಓದಿದ್ದು ಕಾಮರ್ಸು, ಹುಚ್ಚು ಹಳೆಯ ವಿಡಿಯೋ ಗೇಮಿನದು. ಚಿಕ್ಕಂದಿನಲ್ಲಿ ನಾವು ಟಿ.ವಿ.ಗೆ ಸಿಕ್ಕಿಸಿ ಆಡುತ್ತಿದ್ದ ಗೇಮ್ ಪೆಟ್ಟಿಗೆಗೆ ಅರವತ್ತು ಹಲ್ಲಿನ, ಅಂದರೆ ಅರವತ್ತು ಪಿನ್ನಿನ, ಕ್ಯಾಸೆಟ್ಟು ಬೇಕು. ಹೊರದೇಶದಿಂದ ಬಂದ ಮಾವಂದಿರು ಪ್ರೀತಿಯಿಂದ ತಂದುಕೊಡುತ್ತಿದ್ದುದು ಎಪ್ಪತ್ತೆರಡು ಹಲ್ಲಿನದು. ತೂರುವುದೇ ಇಲ್ಲ. ಹಾಗೆ ಒಮ್ಮೆಯೂ ಆಡದ ಕ್ಯಾಸೆಟ್ಟುಗಳು ಬಸವನಗುಡಿ, ಮಲ್ಲೇಶ್ವರದ ಎಷ್ಟೋ ಮನೆಗಳ ಷೋಕೇಸಿನಲ್ಲಿ ಗೊಂಬೆಗಳ ಪಕ್ಕ ಕೂತಿದ್ದವು. ಎರಡರ ನಡುವೆ ಒಂದು ಅಡಾಪ್ಟರ್ ಮಾಡಿ ಮಾರಬೇಕೆಂದು ನನಗೆ ಹೊಳೆದದ್ದೇ ತಡ, ಯಾವ ಹಲ್ಲಿನಿಂದ ಯಾವ ಹಲ್ಲಿಗೆ ವೈರು ಹೋಗಬೇಕೆಂಬ ಪಟ್ಟಿಯನ್ನು ಇಂಟರ್‌ನೆಟ್‌ನಿಂದ ಬರೆದುಕೊಂಡೆ, ಎಸ್.ಪಿ. ರೋಡಿನಿಂದ ಸಾಮಾನು ತಂದೆ, ವರಾಂಡದಲ್ಲಿ ಕೂತು ಬೆಸೆಯತೊಡಗಿದೆ. ಬೆರಳು ಸುಟ್ಟಿತು, ಹೊಗೆ ಎದ್ದಿತು, ಆ ಹೊಗೆಯ ಜಾಡು ಹಿಡಿದು ಮಹಡಿಯಿಂದ ಆಂಟಿ ಇಳಿದು ಬಂದರು.

ನನ್ನ ಕೈಯಲ್ಲಿದ್ದುದನ್ನು ತೆಗೆದುಕೊಂಡು, ಕನ್ನಡಕ ಮೂಗಿನ ತುದಿಗೆ ಜಾರಿಸಿ ನೋಡಿದರು. ‘ಇದು ಬೆಸುಗೆ ಅಲ್ಲ ಕಣಪ್ಪ, ಕಾಗೆ ಹಿಕ್ಕೆ’ ಎಂದರು. ಆಮೇಲೆ, ‘ಬೆಸೆಯೋ ಐರನ್ ಹಿಡಿದು ಹನ್ನೊಂದು ವರ್ಷ ಆಯ್ತು. ನನ್ನ ಕೈ ಇನ್ನೂ ಇದ್ಯೋ ಇಲ್ವೋ ನೋಡ್ಬೇಕು, ಕೊಡಿಲ್ಲಿ’ ಎಂದು ಪಕ್ಕದಲ್ಲೇ ಕೂತರು. ಮಾತು ತಮಾಷೆಯಾಗಿತ್ತು, ಮುಖ ತಮಾಷೆಯದಾಗಿರಲಿಲ್ಲ. ಮೊದಲ ಬೆಸುಗೆ ಇಡುವಾಗ ಅವರು ಉಸಿರು ಬಿಗಿಹಿಡಿದಿದ್ದರು, ನಾನೂ ಹಿಡಿದಿದ್ದೆ. ತವರದ ಹನಿ ಹೊಳೆದು, ಹರಡಿ, ವೈರನ್ನು ಅಪ್ಪಿಕೊಂಡಿತು. ಆಂಟಿ ಚಿಮುಟದಿಂದ ಎಳೆದು ನೋಡಿದರು. ಅಲ್ಲಾಡಲಿಲ್ಲ.

ಅಲ್ಲಿಂದ ನಮಗಿಬ್ಬರಿಗೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮಲ್ಲೇಶ್ವರದ ಒಂದು ಹಾಲ್‌ನಲ್ಲಿ ಹಳೆಯ ಗೇಮ್ ಸಂಗ್ರಹಿಸುವವರ ಭಾನುವಾರದ ಕೂಟವಿತ್ತು. ಹನ್ನೆರಡು ಅಡಾಪ್ಟರ್ ತರುತ್ತೇನೆಂದು ನಾನು ಅಲ್ಲಿ ಮಾತು ಕೊಟ್ಟುಬಿಟ್ಟಿದ್ದೆ. ಹೊರಕವಚಕ್ಕೆ ಬಳೇಪೇಟೆಯಿಂದ ಪ್ರಯಾಣದ ಸೋಪ್ ಡಬ್ಬಿ ಒಂದು ಡಜನ್ ತಂದೆ. ಆಂಟಿ ಅದೇ ಅಂಗಡಿ ಸಾಲಿನಿಂದ ಕೆಂಪು ನೈಲ್ ಪಾಲಿಷ್ ತರಿಸಿಕೊಂಡರು. ಕಾರ್ಖಾನೆಯಲ್ಲಿ ಒಂದೊಂದು ಸಾಲು ಬೆಸುಗೆ ಮುಗಿದಾಗಲೂ ಮಾಡಿದವರು ಕೊನೆಯಲ್ಲಿ ತಮ್ಮ ಬಣ್ಣದ ಚುಕ್ಕಿ ಇಡಬೇಕಂತೆ. ಕೆಟ್ಟರೆ ಆ ಚುಕ್ಕಿ ನೋಡಿ ಅವರ ಮೇಜಿಗೇ ವಾಪಸ್ ಬರುತ್ತದಂತೆ.

ನನ್ನ ಪಟ್ಟಿಯನ್ನು ಅವರು ಕಾಗದದಲ್ಲಿ ನೋಡಲು ಒಪ್ಪಲಿಲ್ಲ. ವರಾಂಡದ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಸಾಲು ಸಾಲು ಚುಕ್ಕಿ ಇಟ್ಟು, ವೈರಿನ ಬಣ್ಣಕ್ಕೆ ತಕ್ಕ ಬಣ್ಣ ತುಂಬಿ, ಗೆರೆ ಎಳೆದರು. ಮನೆಗೆ ಬಂದವರೆಲ್ಲ ಇವತ್ತು ಯಾವ ಹಬ್ಬ ಎಂದು ಕೇಳುತ್ತಿದ್ದರು. ಅದನ್ನು ನೋಡಿಕೊಂಡೇ ಅವರು ಬೆಸೆದರು, ಮೇಣ ಸವರಿದ ದಾರದಿಂದ ವೈರುಗಳನ್ನು ಹೂ ಕಟ್ಟಿದ ಹಾಗೆ ಕಟ್ಟಿದರು. ಒಂದು ಮುಗಿದಾಗ ಹಾಕಿ ನೋಡೋಣ ಎಂದೆ. ಹನ್ನೆರಡರ ಲಾಟ್ ಪೂರ್ತಿ ಆಗದೆ ಟೆಸ್ಟಿಂಗ್ ಮಾಡುವ ಪದ್ಧತಿಯೇ ತಮ್ಮಲ್ಲಿಲ್ಲ ಎಂದು ಅವರು ನನ್ನ ಬಾಯಿ ಮುಚ್ಚಿಸಿದರು.

ಹನ್ನೆರಡನೆಯದರ ಕೊನೆಯ ವೈರು ಉಳಿದಾಗ ಐರನ್ ನನ್ನ ಕೈಗೆ ಕೊಟ್ಟರು. ಇಷ್ಟು ದಿನ ನೋಡಿದ್ದು ಸಾಕು, ಮಾಡು ಎಂದರು. ಮಾಡಿದೆ, ಕಾಗೆ ಹಿಕ್ಕೆಗಿಂತ ಒಂದು ಮೆಟ್ಟಿಲು ಮೇಲೆ. ಆಂಟಿ ಎಳೆದು ನೋಡಿ ನೈಲ್ ಪಾಲಿಷ್ ಶೀಶೆ ಚಾಚಿದರು. ‘ಇದು ನಿಂದು. ಚುಕ್ಕಿ ಇಡು.’ ನನಗೆ ಧೈರ್ಯ ಬರಲಿಲ್ಲ. ಕೆಟ್ಟರೆ ಯಾರು ಹೊಣೆ ಎಂದು ಹಿಂಜರಿದೆ. ಅವರು ನಕ್ಕು ಶೀಶೆ ಹಿಂದಕ್ಕೆ ತೆಗೆದುಕೊಂಡರು.

ಆಮೇಲೆ ಟಿ.ವಿ. ಹಚ್ಚಿದೆವು. ಮೊದಲನೆಯದು ಹಾಕಿದರೆ ಬರೀ ಬೂದು ಪರದೆ. ಎರಡನೆಯದು ಬೂದು. ಹನ್ನೆರಡೂ ಬೂದು. ಅದೃಷ್ಟಕ್ಕೆ ಕ್ಯಾಸೆಟ್ಟು ಸುಡಲಿಲ್ಲ. ಕೂಟಕ್ಕೆ ಐದೇ ದಿನ ಉಳಿದಿತ್ತು. ಆಂಟಿ ತಮ್ಮ ಎರಡೂ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡರು, ಮೇಲೆ ಹೋದರು. ಅವರನ್ನು ಅಷ್ಟು ಚಿಕ್ಕವರಾಗಿ ನಾನು ಎಂದೂ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗಲೇ ಧಡಧಡ ಇಳಿದು ಬಂದರು. ಕೈಯಲ್ಲಿ ಕ್ಯಾಸೆಟ್ಟು. ಅದನ್ನು ನನ್ನ ಕಡೆ ಹಿಡಿದು, ಆಮೇಲೆ ಹಿಮ್ಮುಖ ತಿರುಗಿಸಿದರು. ‘ನೀನು ಪಟ್ಟೀನ ಮುಂದಗಡೆಯಿಂದ ನೋಡಿ ಬರ್ಕೊಂಡಿದೀಯ. ನಾನು ಮೂವತ್ತು ವರ್ಷ ಹಿಂದಗಡೆ ಕೂತೇ ವೈರು ಕಟ್ಟಿದೀನಿ. ನಿನ್ನ ಎಡ ನನಗೆ ಬಲ ಕಣೋ.’ ಹಲ್ಲುಜ್ಜುವ ನೊರೆಯಲ್ಲೇ ನಾನು ನಕ್ಕುಬಿಟ್ಟೆ. ಬೆಸುಗೆಯೊಂದೂ ತಪ್ಪಿರಲಿಲ್ಲ, ಒಂದು ತುದಿ ಪೂರ್ತಿ ಕನ್ನಡಿಯಲ್ಲಿ ಕಂಡ ಹಾಗೆ ಅದಲುಬದಲಾಗಿತ್ತು, ಅಷ್ಟೆ. ಅವರ ಕೈ ಇತ್ತು!

ಉಳಿದ ನಾಲ್ಕು ದಿನ ನಮ್ಮ ವರಾಂಡ ಒಂದು ಪುಟ್ಟ ಕಾರ್ಖಾನೆಯಾಯಿತು. ಹಳೆಯ ರಂಗೋಲಿ ಅಳಿಸಿ ತಿರುವುಮುರುವಾದ ಹೊಸದು ಬಂತು. ನಾನು ರಜೆ ಹಾಕಿ ವೈರು ಬಿಚ್ಚಿದೆ, ಅವರು ಬೆಸೆದರು. ಈ ಸಲ ಪ್ರತಿಯೊಂದನ್ನೂ ಆಗಲೇ ಹಾಕಿ ನೋಡಲು ಒಪ್ಪಿದರು. ನನ್ನ ಆ ಒಂದು ಬೆಸುಗೆ ಅದಲುಬದಲಾಗದ ತುದಿಯಲ್ಲೇ ಇದ್ದುದರಿಂದ ಅದನ್ನು ಯಾರೂ ಮುಟ್ಟಲಿಲ್ಲ.

ಭಾನುವಾರ ಆಂಟಿ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದರು. ಮೇಜಿನ ಮೇಲೆ ಸೋಪ್ ಡಬ್ಬಿಗಳನ್ನು ನೋಡಿ ಕೆಲವರು ನಕ್ಕರು. ಆಗ ಒಬ್ಬ ದಢೂತಿ ಮನುಷ್ಯ ಮುಂದೆ ಬಂದ. ಐದನೇ ಕ್ಲಾಸಿನಲ್ಲಿ ಮಾವ ತಂದುಕೊಟ್ಟ ಕ್ಯಾಸೆಟ್ಟನ್ನು ಅವನು ಒಮ್ಮೆಯೂ ಆಡಿರಲಿಲ್ಲ. ಸೋಪ್ ಡಬ್ಬಿಗೆ ಸಿಕ್ಕಿಸಿದೆ, ಗುಂಡಿ ಒತ್ತಿದೆ. ಪರದೆ ತುಂಬ ನೀಲಿ ಆಕಾಶ, ಕಿರ್ರೆನ್ನುವ ಸಂಗೀತ! ಅವನು ‘ಮಗಾ, ಬಂತು ಮಗಾ’ ಎಂದು ಯಾರನ್ನೋ ತಬ್ಬಿಕೊಂಡ, ಸುತ್ತಲಿದ್ದವರೆಲ್ಲ ಮುಗಿಬಿದ್ದರು. ಆಂಟಿ ಟಿ.ವಿ. ಕಡೆ ನೋಡಲೇ ಇಲ್ಲ, ಅವನ ಮುಖವನ್ನೇ ನೋಡುತ್ತ ಕೂತಿದ್ದರು. ಊಟದ ಹೊತ್ತಿಗೆ ಹನ್ನೆರಡೂ ಖಾಲಿ. ಬರುವಾಗ ಆಟೋದಲ್ಲಿ ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದೆವು. ಯಾರು ಯಾರ ಮಾತು ಕೇಳಿಸಿಕೊಂಡೆವೋ...

ಆಮೇಲಿನ ವರ್ಷಗಳಲ್ಲಿ ಇನ್ನೂ ಎಷ್ಟೋ ಮಾಡಿದೆವು, ಎಲ್ಲ ಅವರ ಕೈಯವೇ. ಪ್ರತಿ ಶನಿವಾರ ಮಾರ್ಕೆಟ್ಟಿನಿಂದ ಬರುವಾಗ ಬಾಗಿಲಲ್ಲಿ ನಿಂತು, ‘ಏನಪ್ಪಾ, ಒಂದಾದ್ರೂ ವಾಪಸ್ ಬಂತಾ?’ ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಹೆಮ್ಮೆ, ಜೊತೆಗೆ ಒಂಚೂರು ನಿರಾಸೆ. ಒಮ್ಮೆ ಕಾರಣ ಕೇಳಿದೆ. ‘ವಾಪಸ್ ಬಂದ್ರೆ ಬೈಸ್ಕೋತಿದ್ವಿ, ನಿಜ. ಆದ್ರೂ ಮುಚ್ಚಳ ತೆಗೆದು ನಮ್ಮ ಕೈಕೆಲಸ ಮತ್ತೆ ನೋಡಿದ್ರೆ ಮಗಳು ತವರಿಗೆ ಬಂದ ಹಾಗಾಗೋದು.’

ಎರಡು ವರ್ಷದ ಹಿಂದೆ ಒಂದು ವಾರದ ಜ್ವರದಲ್ಲಿ ಅವರು ಹೋದರು. ಒಂದೂ ವಾಪಸ್ ಬಂದಿರಲಿಲ್ಲ. ಮಹಡಿಯಲ್ಲಿ ಈಗ ಟ್ಯೂಷನ್ ಕ್ಲಾಸು.

ಈ ಗುಲಾಬಿ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ದಾರದ ಗಂಟು ಒಂದೂ ಸಡಿಲವಾಗಿಲ್ಲ. ಚಿಮುಟದಿಂದ ಒಂದೊಂದೇ ವೈರು ಎಳೆದೆ. ಎಲ್ಲವೂ ಗಟ್ಟಿ. ಕೊನೆಯ ಸಾಲಿನ ಕೊನೆಯದು ಮಾತ್ರ ಮುಟ್ಟಿದ್ದೇ ಕಳಚಿಕೊಂಡಿತು. ಆ ಒಡ್ಡೊಡ್ಡಾದ ಬೆಸುಗೆಯ ಗುರುತು ಹತ್ತಲು ನನಗೆ ಕ್ಷಣವೂ ಬೇಕಾಗಲಿಲ್ಲ. ಅದರ ಪಕ್ಕದಲ್ಲಿ, ನಾನು ಇಡಲು ಹೆದರಿದ ಜಾಗದಲ್ಲಿ, ದುಂಡಗೆ ಒಂದು ಕೆಂಪು ಚುಕ್ಕಿ. ನಾನು ಕಾಣದಂತೆ ಅವರೇ ಇಟ್ಟಿದ್ದರು. ನನ್ನ ತಪ್ಪು ಬಂದರೆ ಅವರ ಮೇಜಿಗೆ ಬರಲೆಂದು... ಕಣ್ಣೊರೆಸಿಕೊಂಡು ಐರನ್ ಕಾಯಲು ಇಟ್ಟೆ.

ಆಮೇಲೆ ಬೆಸೆದೆ, ಅವರು ಕಲಿಸಿದ ಹಾಗೆ. ಎಳೆದೆ, ಅಲ್ಲಾಡಲಿಲ್ಲ. ಟಿ.ವಿ.ಯಲ್ಲಿ ನೀಲಿ ಆಕಾಶ ಬಂತು. ಅವರ ಶೀಶೆ ಒಣಗಿಹೋಗಿತ್ತು, ಬಳೇಪೇಟೆಗೆ ಹೋದೆ. ಅಂಗಡಿಯವರು ಮನೆಯವರಿಗೆ ಯಾವ ಬಣ್ಣ ಬೇಕು ಎಂದು ಕೇಳಿದರು. ನನಗೇ ಎಂದು ಹೇಳಿ ನೀಲಿ ತಂದೆ. ಕೆಂಪು ಚುಕ್ಕಿಯ ಪಕ್ಕ ಸೊಟ್ಟಗೆ ಒಂದು ನೀಲಿ ಚುಕ್ಕಿ ಇಟ್ಟು, ಅದು ಒಣಗುವವರೆಗೆ ಕಾದು, ಮುಚ್ಚಳ ಹಾಕಿದೆ.